ಓದುಗರ ಪ್ರಶ್ನೆ, ನಮ್ಮ ಉತ್ತರ: ದಶಪಥದಲ್ಲಿ 100 ಸಾಕಾ, 120 ಬೇಕಾ?

ಹೋದ ಸಂಚಿಕೆಯಲ್ಲಿ ಒಬ್ಬರಿಗೆ ಉತ್ತರ ಕೊಡುವಾಗ, ಬೆಂಗಳೂರು–ಮೈಸೂರು ದಶಪಥದಲ್ಲಿ ಕಾರಿಗೆ 100 ಕಿ.ಮೀ. ವೇಗ ಸಾಕು, ಅದನ್ನು 120ಕ್ಕೆ ಏರಿಸುವುದು ಬೇಡ ಎಂದು ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಪತ್ರಗಳು ಬಂದು ಬಿದ್ದವು. ಬೈದವರು ಜಾಸ್ತಿ, ಒಪ್ಪಿದವರು ಕಡಿಮೆ, ಇನ್ನು ಕೆಲವರು ತಮ್ಮ ಮನೆಯ ಕತೆ ಹೇಳಿಕೊಂಡಿದ್ದಾರೆ. ಎಲ್ಲವನ್ನೂ ಓದಿದ್ದೇನೆ. ಈ ಸಲದ ಅಂಕಣ ಪೂರ್ತಿ ಇದಕ್ಕೇ ಇರಲಿ.

ಪ್ರಶ್ನೆ: ನಾನು ವಾರಕ್ಕೊಮ್ಮೆ ಬೆಂಗಳೂರಿನಿಂದ ಊರಿಗೆ ಬರುತ್ತೇನೆ. ಸರ್ವಿಸ್ ರಸ್ತೆ ಬಿಟ್ಟು ಆರು ಲೇನ್, ಸಿಗ್ನಲ್ ಇಲ್ಲ, ಟೋಲ್ ಬೇರೆ ಕಟ್ಟುತ್ತೇವೆ. ನನ್ನ ಕಾರು 140ರಲ್ಲೂ ಅಲ್ಲಾಡುವುದಿಲ್ಲ. ಅಂಥ ರಸ್ತೆಯಲ್ಲಿ 100ಕ್ಕೆ ಕಟ್ಟಿಹಾಕಿ, ಕ್ಯಾಮೆರಾ ಇಟ್ಟು ದಂಡ ಹಾಕುವುದು ಅನ್ಯಾಯ ಅಲ್ವಾ? (ಮೈಸೂರಿನ ಓದುಗರು)

ಉತ್ತರ: ಮೊದಲು ಸಮಯದ ಲೆಕ್ಕ ಹಾಕೋಣ. ದಶಪಥದ ಉದ್ದ ಸುಮಾರು 119 ಕಿ.ಮೀ. ಎಲ್ಲೂ ನಿಲ್ಲದೆ 100ರಲ್ಲಿ ಹೋದರೆ 71 ನಿಮಿಷ, 120ರಲ್ಲಿ ಹೋದರೆ 60 ನಿಮಿಷ. ಉಳಿಯುವುದು ಹನ್ನೊಂದು, ಹನ್ನೆರಡು ನಿಮಿಷ. ಅದೂ ಉದ್ದಕ್ಕೂ ಒಂದೇ ವೇಗ ಸಿಕ್ಕರೆ ಮಾತ್ರ, ಸಿಗುವುದಿಲ್ಲ. ಹಾಗೆ ಉಳಿಸಿದ ನಿಮಿಷಗಳು ಕೆಂಗೇರಿ, ನಾಯಂಡಹಳ್ಳಿ ದಾಟುವುದರಲ್ಲಿ ಹೋಗುತ್ತವೆ ಎಂಬುದು ವಾರವಾರ ಓಡಾಡುವ ನಿಮಗೇ ಗೊತ್ತು.

ಇನ್ನು ಬ್ರೇಕ್. 100ರಲ್ಲಿ ಕಾರು ಒಂದು ಸೆಕೆಂಡಿಗೆ 28 ಮೀಟರ್ ಓಡುತ್ತದೆ. ಮುಂದೆ ಏನೋ ಇದೆ ಎಂದು ಕಣ್ಣಿಗೆ ಬಿದ್ದು, ಕಾಲು ಬ್ರೇಕ್ ಮೇಲೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಆಗಿರುತ್ತದೆ. ಅಷ್ಟರಲ್ಲಿ 40 ಮೀಟರ್ ಮುಗಿಯಿತು. ಆಮೇಲೆ ಒಣ ರಸ್ತೆ, ಒಳ್ಳೆ ಟೈರ್ ಇದ್ದರೆ ನಿಲ್ಲಲು ಇನ್ನೂ 55 ಮೀಟರ್ ಬೇಕು. ಒಟ್ಟು ನೂರು ಮೀಟರ್ ಹತ್ತಿರ. 120ರಲ್ಲಿ ಇದೇ ಲೆಕ್ಕ 130 ಮೀಟರ್ ಆಗುತ್ತದೆ. ಮೂವತ್ತು ಮೀಟರ್ ತಾನೇ ಅನ್ನಬೇಡಿ. 100ರಲ್ಲಿ ಬಂದ ಕಾರು ಪೂರ್ತಿ ನಿಂತ ಜಾಗಕ್ಕೆ 120ರಲ್ಲಿ ಬಂದ ಕಾರು ತಲುಪಿದಾಗ ಅದರ ವೇಗ ಇನ್ನೂ 75 ಕಿ.ಮೀ. ಇರುತ್ತದೆ. ಅಲ್ಲೊಂದು ಕೆಟ್ಟು ನಿಂತ ಲಾರಿ ಇದ್ದರೆ ಒಬ್ಬನಿಗೆ ಎದೆ ಝಲ್ಲೆನ್ನುತ್ತದೆ ಅಷ್ಟೆ, ಇನ್ನೊಬ್ಬ ಉಳಿಯುವುದು ಕಷ್ಟ.

ನಿಮ್ಮ ವಾದವನ್ನೇ ಸರ್ಕಾರವೂ ಹಿಂದೆ ಮಾಡಿತ್ತು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಮಿತಿ ಏರಿಸಿ, ಎಕ್ಸ್‌ಪ್ರೆಸ್‌ವೇಗಳಲ್ಲಿ ಕಾರಿಗೆ 120, ಡಿವೈಡರ್ ಇರುವ ನಾಲ್ಕು ಲೇನ್ ಮತ್ತು ಅದಕ್ಕಿಂತ ದೊಡ್ಡ ರಸ್ತೆಗಳಲ್ಲಿ 100 ಎಂದು ಅಧಿಸೂಚನೆ ಹೊರಡಿಸಿತು. ರಸ್ತೆ ಚೆನ್ನಾಗಿದೆ, ಎಂಜಿನ್ ಚೆನ್ನಾಗಿದೆ ಎನ್ನುವುದೇ ಕಾರಣ. 2021ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ರದ್ದು ಮಾಡಿತು. ರಸ್ತೆ, ಎಂಜಿನ್ ಸುಧಾರಿಸಿರಬಹುದು, ಆದರೆ ಸುರಕ್ಷತೆಯ ನಿಯಮ ಪಾಲಿಸುವವರೇ ಕಡಿಮೆ ಇರುವಾಗ ವೇಗ ಏರಿಸಿದರೆ ಸಾವೇ ಜಾಸ್ತಿ ಆಗುತ್ತದೆ ಎಂಬುದು ಕೋರ್ಟಿನ ಮಾತಿನ ಸಾರ. ಒಂದು ರಸ್ತೆಯಲ್ಲಿ ಕೇಂದ್ರ ಹೇಳಿದ್ದಕ್ಕಿಂತ ಕಡಿಮೆ ಮಿತಿ ಇಡುವ ಅಧಿಕಾರ ರಾಜ್ಯಕ್ಕೂ ಇದೆ. ಹಾಗಾಗಿ ನಿಮ್ಮ ಕಾರು ಏನು ತಡೆಯುತ್ತದೆ ಎಂಬುದನ್ನು ಬಿಡಿ, ಆ ಜಾಗದ ಬೋರ್ಡ್ ಮೇಲೆ ಇರುವುದೇ ಲೆಕ್ಕ.

ಇನ್ನೊಂದು ವಿಷಯ. ನಾವೆಲ್ಲ ಬಾಯಿಮಾತಿಗೆ ಎಕ್ಸ್‌ಪ್ರೆಸ್‌ವೇ ಎಂದರೂ ಅದು ರಾಷ್ಟ್ರೀಯ ಹೆದ್ದಾರಿ 275. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲ ಅದರ ಮಗ್ಗುಲಲ್ಲೇ ಇವೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ಮೇಲಿನ ನಾಲ್ಕೈದು ತಿಂಗಳು ನೆನಪು ಮಾಡಿಕೊಳ್ಳಿ. ಬೆಳಗ್ಗೆ ಪೇಪರ್ ತೆಗೆದರೆ ಈ ಊರುಗಳ ಹೆಸರಿನ ಜೊತೆ ಒಂದು ಅಪಘಾತದ ಸುದ್ದಿ. ಆಮೇಲೆ ಪೊಲೀಸರು ಸ್ಪೀಡ್ ಗನ್ ಹಿಡಿದು ನಿಂತರು. ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು. ನಂತರ ಕ್ಯಾಮೆರಾಗಳು ಬಂದವು. ಸಾವು ಇಳಿಯಿತು. ರಸ್ತೆ ಅದೇ, ಕಾರುಗಳೂ ಅವೇ. ನೀವು ಅನ್ಯಾಯ ಎನ್ನುವ ಕ್ಯಾಮೆರಾ ಎಷ್ಟೋ ಮನೆಗಳನ್ನು ಉಳಿಸಿದೆ ಎಂದು ನಾನು ನಂಬುತ್ತೇನೆ.

ಒಂದು ಮಾತು ಮಾತ್ರ ನಿಮ್ಮ ಪರವಾಗಿ ಹೇಳಬೇಕು. ಪೂರ್ತಿ ಬೇಲಿ ಹಾಕಿದ, ಊರಿನೊಳಗೆ ಬಾಗಿಲು ಇಲ್ಲದ, ಬೈಕ್ ಹತ್ತಲು ಸಾಧ್ಯವಿಲ್ಲದ ನಿಜವಾದ ಎಕ್ಸ್‌ಪ್ರೆಸ್‌ವೇಯಲ್ಲಿ 120 ಇದ್ದರೆ ನನಗೆ ತಕರಾರಿಲ್ಲ. ಅಲ್ಲಿಯೂ ಹವಾಮಾನ ನೋಡಿ ಇಳಿಸಬೇಕು. ಉತ್ತರ ಪ್ರದೇಶದ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಚಳಿಗಾಲದ ಮಂಜಿನ ದಿನಗಳಲ್ಲಿ ಕಾರಿನ ಮಿತಿಯನ್ನು 100ರಿಂದ 75ಕ್ಕೆ ಇಳಿಸುತ್ತಾರೆ. ನಮ್ಮಲ್ಲಿ ಜೋರು ಮಳೆಗೆ ಹಾಗೆ ಯಾಕೆ ಮಾಡಬಾರದು?

ಪ್ರಶ್ನೆ: ಡ್ರೈವಿಂಗ್ ಕಲಿತು ಎಂಟು ತಿಂಗಳಾಯಿತು. ತುಮಕೂರು ರಸ್ತೆಯಲ್ಲಿ 80ರಲ್ಲಿ ಹೋಗುತ್ತೇನೆ. ಹಿಂದಿನಿಂದ ಹಾರ್ನ್, ಲೈಟ್, ಕೆಲವರು ಪಕ್ಕಕ್ಕೆ ಬಂದು ಗುರಾಯಿಸಿ ಹೋಗುತ್ತಾರೆ. ನಾನು ಮಾಡುತ್ತಿರುವುದು ತಪ್ಪಾ? (ತುಮಕೂರಿನ ಓದುಗರು)

ಉತ್ತರ: ತಪ್ಪೇನೂ ಇಲ್ಲಮ್ಮಾ. ಮಿತಿ ಎಂದರೆ ಅದಕ್ಕಿಂತ ಮೇಲೆ ಹೋಗಬೇಡಿ ಎಂದರ್ಥ. ಅಷ್ಟು ಹೋಗಲೇಬೇಕು ಅಂತಲ್ಲ. ಮಿತಿ ಏರಿಸಬೇಡಿ ಎನ್ನುವುದಕ್ಕೆ ನಿಮ್ಮ ಪತ್ರವೇ ನನಗೆ ದೊಡ್ಡ ಕಾರಣ. ಬೋರ್ಡ್ 100 ಎಂದರೆ ಕೆಲವರು 115ರಲ್ಲಿ ಹೋಗುತ್ತಾರೆ, 120 ಮಾಡಿದರೆ 135. ನೀವು ಮಾತ್ರ 80ರಲ್ಲೇ ಇರುತ್ತೀರಿ, ಲಾರಿ 60ರಲ್ಲೇ ಇರುತ್ತದೆ. ಒಂದೇ ರಸ್ತೆಯಲ್ಲಿ ಹೋಗುವವರ ವೇಗದ ನಡುವಿನ ಅಂತರ ಹೆಚ್ಚುತ್ತಾ ಹೋದಷ್ಟೂ ಅಪಾಯ.

ಆದರೆ ನೀವು ಯಾವ ಲೇನ್‌ನಲ್ಲಿ ಹೋಗುತ್ತಿದ್ದೀರಿ ಎಂದು ಬರೆದಿಲ್ಲ. ಬಲಗಡೆಯ ಲೇನ್ ಹಿಂದೆ ಹಾಕುವುದಕ್ಕೆ ಇರುವುದು. ಹಿಂದೆ ಹಾಕಿ, ಕನ್ನಡಿಯಲ್ಲಿ ಆ ವಾಹನ ಪೂರ್ತಿ ಕಾಣಿಸಿದ ಮೇಲೆ ಇಂಡಿಕೇಟರ್ ಹಾಕಿ ಎಡಕ್ಕೆ ಬಂದುಬಿಡಿ. ಬಲ ಲೇನ್‌ನಲ್ಲಿ ಆರಾಮಾಗಿ 80ರಲ್ಲಿ ಕುಳಿತರೆ ಹಿಂದಿನವರು ಎಡದಿಂದ ನುಗ್ಗುತ್ತಾರೆ, ಅಲ್ಲಿಂದ ಅಪಾಯ ಶುರು. ಮೂರು ಲೇನ್ ಇದ್ದರೆ ನಿಮಗೆ ನಡುವಿನದು ಒಳ್ಳೆಯದು, ಎಡ ಖಾಲಿ ಇದ್ದರೆ ಎಡ.

ಮುಂದಿನ ಕಾರಿನಿಂದ ಮೂರು ಸೆಕೆಂಡ್ ದೂರ ಇಡಿ. ಮುಂದಿನ ಕಾರು ಒಂದು ಕಂಬ ದಾಟಿದಾಗ ಎಣಿಸಲು ಶುರು ಮಾಡಿ, ನೀವು ಆ ಕಂಬ ದಾಟುವಾಗ ಮೂರು ಮುಗಿದಿರಬೇಕು. ಮಳೆ ಇದ್ದರೆ ಐದು. ಆ ಜಾಗಕ್ಕೆ ಯಾರೋ ಬಂದು ತೂರಿಕೊಳ್ಳುತ್ತಾರೆ, ನಿಜ. ತೂರಿಕೊಳ್ಳಲಿ. ಮತ್ತೆ ಸ್ವಲ್ಪ ಹಿಂದಕ್ಕೆ ಸರಿಯಿರಿ. ಹಿಂದಿನವರು ಬಾಲ ಹಿಡಿದುಕೊಂಡು ಬಂದರೆ ಅವರಿಗೆ ಬುದ್ಧಿ ಕಲಿಸಲು ಬ್ರೇಕ್ ಒತ್ತಬೇಡಿ, ಅವರಿಗೆ ಹೆದರಿ ವೇಗವನ್ನೂ ಹೆಚ್ಚಿಸಬೇಡಿ. ದಾರಿ ಕೊಟ್ಟು ಕಳಿಸಿ. ಗುರಾಯಿಸಿದವರ ಮುಖ ಸಂಜೆಗೆ ನೆನಪಿರುವುದಿಲ್ಲ.

ಪ್ರಶ್ನೆ: ನಲವತ್ತು ವರ್ಷದಿಂದ ನಮ್ಮದು ಲಾರಿ ಮನೆತನ. ಅಪಘಾತ ಆದರೆ ಎಲ್ಲರೂ ಲಾರಿಯವರನ್ನೇ ಬೈತಾರೆ. ಬಲ ಲೇನ್‌ನಲ್ಲಿ ಹೋಗಬೇಡಿ ಅಂತೀರಿ, ಎಡಗಡೆ ಜಾಗ ಎಲ್ಲಿದೆ ಹೇಳಿ? (ಚಿತ್ರದುರ್ಗದ ಓದುಗರು)

ಉತ್ತರ: ನಿಮ್ಮ ಮಾತನ್ನು ಒಪ್ಪುತ್ತೇನೆ. ಹೆದ್ದಾರಿಯ ಎಡ ಲೇನ್‌ನಲ್ಲಿ ಒಂದು ಸಲ ಹತ್ತು ಕಿ.ಮೀ. ಹೋಗಿ ನೋಡಿದವರಿಗೆ ಗೊತ್ತಾಗುತ್ತದೆ. ಎದುರಿನಿಂದ ರಾಂಗ್ ಸೈಡಲ್ಲಿ ಬರುವ ಬೈಕು, ಹುಲ್ಲು ಹೇರಿದ ಟ್ರ್ಯಾಕ್ಟರ್, ಕೈ ತೋರಿಸಿದಲ್ಲೆಲ್ಲ ನಿಲ್ಲುವ ಬಸ್ಸು, ಢಾಬಾ ಮುಂದೆ ಅರ್ಧ ರಸ್ತೆಗೆ ಚಾಚಿದ ವಾಹನಗಳು. ಹದಿನಾರು ಟನ್ ಲೋಡು ಇಟ್ಟುಕೊಂಡು ಪದೇಪದೇ ಬ್ರೇಕ್ ಹಾಕಿ ಎತ್ತಲು ಯಾರಿಗೂ ಆಗುವುದಿಲ್ಲ. ಹಾಗಾಗಿ ಲಾರಿ ಬಲಕ್ಕೆ ಹೋಗುತ್ತದೆ, ಕಾರು ಎಡದಿಂದ ಹಿಂದೆ ಹಾಕುತ್ತದೆ. ಎಡ ಲೇನ್ ಖಾಲಿ ಮಾಡಿಸದೆ ಲೇನ್ ಶಿಸ್ತಿನ ಬಗ್ಗೆ ಲಾರಿಯವರಿಗೆ ಮಾತ್ರ ಪಾಠ ಹೇಳುವುದು ಸರಿಯಲ್ಲ. ವೇಗ ಏರಿಸಿ ಎನ್ನುವವರು ಮೊದಲು ಕೇಳಬೇಕಾಗಿದ್ದು ಇದನ್ನು.

ಆದರೂ ಎರಡು ವಿಷಯ ನಿಮ್ಮ ಚಾಲಕರಿಗೆ ಹೇಳಿ. ಈಗಿನ ಲಾರಿಗಳಿಗೆ ಸ್ಪೀಡ್ ಗವರ್ನರ್ ಇರುತ್ತದೆ, 80 ದಾಟುವುದಿಲ್ಲ. 78ರಲ್ಲಿ ಹೋಗುವ ಲಾರಿಯನ್ನು 80ರಲ್ಲಿ ಹೋಗುವ ಲಾರಿ ಹಿಂದೆ ಹಾಕಲು ಹೊರಟರೆ ಒಂದೂವರೆ ನಿಮಿಷ ಬೇಕು, ಅಷ್ಟರಲ್ಲಿ ಎರಡು ಕಿ.ಮೀ. ಸಾಗಿರುತ್ತದೆ. ಆ ಎರಡು ಕಿ.ಮೀ. ಉದ್ದಕ್ಕೂ ಹಿಂದೆ ಕಾರುಗಳು ಸಾಲುಗಟ್ಟಿ, ತಾಳ್ಮೆ ಕಳೆದುಕೊಂಡು, ಸಂದಿಯಲ್ಲಿ ನುಗ್ಗುತ್ತವೆ. ಮುಂದಿನ ಲಾರಿಯವರು ಸ್ವಲ್ಪ ಕಾಲು ಎತ್ತಿದರೆ ಇದೇ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ.

ಎರಡನೆಯದು, ಕೆಟ್ಟು ನಿಂತ ಲಾರಿ. ಇದನ್ನು ಬರೆಯುವಾಗ ಈಗಲೂ ಕೈ ತಣ್ಣಗಾಗುತ್ತದೆ. ಹನ್ನೆರಡು ವರ್ಷದ ಹಿಂದೆ, ಹಿರಿಯೂರು ದಾಟಿದ ಮೇಲೆ, ರಾತ್ರಿ ಎರಡು ಗಂಟೆ. ಹೆಂಡತಿ ಮಕ್ಕಳು ಹಿಂದೆ ಮಲಗಿದ್ದರು. ರಸ್ತೆ ಮೇಲೆ ಒಂದು ಬೇವಿನ ಕೊಂಬೆ ಕಂಡಿತು, ಗಾಳಿಗೆ ಬಿದ್ದಿರಬೇಕು ಅಂದುಕೊಂಡೆ. ಕೊಂಬೆಯ ಹಿಂದೆಯೇ ಲಾರಿ. ಒಂದು ಲೈಟ್ ಇಲ್ಲ, ರಿಫ್ಲೆಕ್ಟರ್ ಮೇಲೆ ಕೆಸರು. 80ರಲ್ಲಿದ್ದೆ, ಹೇಗೋ ಬಲಕ್ಕೆ ಎಳೆದು ಉಳಿದುಕೊಂಡೆವು. ಅವತ್ತು ನಾನು 100ರಲ್ಲಿ ಇದ್ದಿದ್ದರೆ ಈ ಅಂಕಣ ಇರುತ್ತಿರಲಿಲ್ಲ. ಆ ಚಾಲಕನೂ ಪಾಪ, ಕೈಯಲ್ಲಿದ್ದ ಕೊಂಬೆಯನ್ನೇ ಇಟ್ಟಿದ್ದ. ಪ್ರತಿ ಲಾರಿಯಲ್ಲಿ ತ್ರಿಕೋನದ ರಿಫ್ಲೆಕ್ಟರ್ ಇರಲಿ, ಅದನ್ನು ಲಾರಿಯಿಂದ ಕನಿಷ್ಠ ಐವತ್ತು ಹೆಜ್ಜೆ ಹಿಂದೆ ಇಡಲಿ, ಹೆದ್ದಾರಿಯಲ್ಲಿ ನೂರು ಹೆಜ್ಜೆ ಆದರೂ ಜಾಸ್ತಿ ಆಗಲಿಲ್ಲ. ಹಾಗೇ 1033ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ ಅದು.

ಪ್ರಶ್ನೆ: ಕಾರು 80 ದಾಟಿದರೆ ಕುಯ್ಯಿ ಕುಯ್ಯಿ ಅನ್ನುತ್ತದೆ. ತಲೆನೋವು. ಗ್ಯಾರೇಜಿನವರು ತೆಗೆದುಕೊಡುತ್ತೇವೆ ಅಂತಾರೆ, ತೆಗೆಸಲಾ? (ದಾವಣಗೆರೆಯ ಓದುಗರು)

ಉತ್ತರ: ಬೇಡ. 2019ರ ಜುಲೈ 1ರ ನಂತರ ತಯಾರಾದ ಎಲ್ಲ ಕಾರುಗಳಿಗೂ ಅದು ಕಡ್ಡಾಯ. 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಕೂಗುತ್ತದೆ.

ಪ್ರಶ್ನೆ: ನನ್ನದು ಐದು ಸ್ಟಾರ್ ರೇಟಿಂಗ್ ಇರುವ ಕಾರು, ಆರು ಏರ್‌ಬ್ಯಾಗ್ ಇವೆ. ಸುರಕ್ಷತೆಗೆ ಅಂತಲೇ ದುಡ್ಡು ಜಾಸ್ತಿ ಕೊಟ್ಟಿದ್ದೇನೆ. ನಮ್ಮಂಥವರಿಗೂ ಹಳೆ ಡಬ್ಬಾ ಕಾರಿಗೂ ಒಂದೇ ಮಿತಿ ಯಾಕೆ? (ಬೆಂಗಳೂರಿನ ಓದುಗರು)

ಉತ್ತರ: ಒಳ್ಳೆ ಕಾರು ತಗೊಂಡಿರಿ, ಸಂತೋಷ. ಆದರೆ ಆ ಸ್ಟಾರ್ ಯಾವ ವೇಗಕ್ಕೆ ಸಿಕ್ಕಿದ್ದು ಗೊತ್ತಾ? 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಕಾರಿನ ಮುಂಭಾಗವನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಗೋಡೆಗೆ ಗುದ್ದಿಸುತ್ತಾರೆ. ಪಕ್ಕದಿಂದ ಗುದ್ದಿಸುವುದು 50ರಲ್ಲಿ. ವೇಗ ಎರಡರಷ್ಟಾದರೆ ಹೊಡೆತದ ಶಕ್ತಿ ನಾಲ್ಕರಷ್ಟಾಗುತ್ತದೆ, ಹೈಸ್ಕೂಲಿನಲ್ಲಿ ಓದಿದ್ದೇ. ಅಂದರೆ 128ರಲ್ಲಿ ಹೋಗುವ ನಿಮ್ಮ ಕಾರಿನಲ್ಲಿ ಇರುವ ಶಕ್ತಿ ಆ ಪರೀಕ್ಷೆಯದ್ದಕ್ಕಿಂತ ನಾಲ್ಕು ಪಟ್ಟು. ಅದಕ್ಕೆ ಯಾರೂ ಸ್ಟಾರ್ ಕೊಟ್ಟಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಮುಂಬೈ–ಅಹಮದಾಬಾದ್ ಹೆದ್ದಾರಿಯ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರಲ್ಲ, ಅದೂ ದುಬಾರಿ ಕಾರೇ. ಹಿಂದೆ ಕುಳಿತ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ, ಇಬ್ಬರೂ ಉಳಿಯಲಿಲ್ಲ. ಮುಂದಿದ್ದ ಇಬ್ಬರು ಗಾಯಗೊಂಡರೂ ಬದುಕಿದರು. ಮನೆಯವರನ್ನೆಲ್ಲ ಹಿಂದೆ ಕೂರಿಸಿಕೊಂಡು ಮೈಸೂರಿಗೋ ಧರ್ಮಸ್ಥಳಕ್ಕೋ ಹೊರಡುವಾಗ ಹಿಂದಿನ ಬೆಲ್ಟನ್ನು ಸೀಟ್ ಕವರ್ ಕೆಳಗೆ ಮುಚ್ಚಿಟ್ಟಿದ್ದೀರಾ, ಮೊದಲು ನೋಡಿ. ಎಷ್ಟೋ ಕಾರುಗಳಲ್ಲಿ ಮುಚ್ಚಿಯೇ ಇರುತ್ತದೆ.

ಮತ್ತೆ, ಕರ್ನಾಟಕದಲ್ಲಿ 2024ರ ಆಗಸ್ಟ್‌ನಿಂದ 130 ದಾಟಿದರೆ ಬರೀ ದಂಡವಲ್ಲ, ಎಫ್‌ಐಆರ್ ಹಾಕುತ್ತೇವೆ ಎಂದು ಪೊಲೀಸರು ಹೇಳಿದ್ದಾರೆ. ಅದೂ ನೆನಪಿರಲಿ.

ಪ್ರಶ್ನೆ: ನಮ್ಮನ್ನು ದಶಪಥದಿಂದ ಆಚೆ ಹಾಕಿದರು. ಸರ್ವಿಸ್ ರಸ್ತೆ ಕೆಲವು ಕಡೆ ಗುಂಡಿ, ಕೆಲವು ಕಡೆ ನೀರು ನಿಲ್ಲುತ್ತೆ. ಗದ್ದೆ ಒಂದು ಕಡೆ, ಮನೆ ಇನ್ನೊಂದು ಕಡೆ. 100 ಬೇಕೋ 120 ಬೇಕೋ ಅಂತ ಕಾರಿನವರನ್ನು ಕೇಳ್ತೀರಿ, ನಮ್ಮನ್ನು ಯಾರು ಕೇಳ್ತಾರೆ? (ಮದ್ದೂರು ತಾಲ್ಲೂಕಿನ ಓದುಗರು)

ಉತ್ತರ: ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಬೈಕ್‌ಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟಿದ್ದು ಸರಿ ಎಂದೇ ನನ್ನ ಅಭಿಪ್ರಾಯ. 100ರ ಕಾರಿನ ಪಕ್ಕ 45ರ ಮೊಪೆಡ್ ಇರಬಾರದು. ಆದರೆ ಹೊರಗಿಟ್ಟ ಮೇಲೆ ಅವರಿಗೆ ಕೊಟ್ಟ ದಾರಿ ಅಷ್ಟೇ ಒಳ್ಳೆಯದಿರಬೇಕು. ಅದು ಆಗದಿದ್ದರೆ ಜನ ಏನು ಮಾಡುತ್ತಾರೆ? ಬೇಲಿ ಹಾರುತ್ತಾರೆ, ಎರಡು ಕಿ.ಮೀ. ಸುತ್ತುವ ಬದಲು ಮುನ್ನೂರು ಮೀಟರ್ ರಾಂಗ್ ಸೈಡಲ್ಲಿ ಬರುತ್ತಾರೆ. ತಲೆ ಮೇಲೆ ಹುಲ್ಲಿನ ಹೊರೆ ಇರುವ ಹೆಣ್ಣುಮಗಳಿಗೆ ಎರಡು ಕಿ.ಮೀ. ಸುತ್ತಿ ಬಾ ಎಂದು ಹೇಳುವುದು ಎ.ಸಿ. ಕಾರಿನಲ್ಲಿ ಕುಳಿತವರಿಗೆ ಸುಲಭ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಕರ್ನಾಟಕದಲ್ಲೇ 11,702. ಅದರಲ್ಲಿ ಅತಿ ದೊಡ್ಡ ಪಾಲು ಬೈಕಿನವರದ್ದು, ನಡೆದು ಹೋಗುವವರೂ ತುಂಬ ಜನ. ವೇಗದ ಚರ್ಚೆಯಲ್ಲಿ ಕಾರಿನವರ ದನಿಯೇ ಕೇಳುತ್ತದೆ, ಪೆಟ್ಟು ತಿನ್ನುವವರು ಬೇರೆ. ನಿಮ್ಮ ಊರಿನವರು ಸೇರಿ, ಯಾವ ಜಾಗದಲ್ಲಿ ದಾಟುತ್ತೀರಿ, ಎಲ್ಲಿ ಸ್ಕೈವಾಕ್ ಅಥವಾ ಅಂಡರ್‌ಪಾಸ್ ಬೇಕು ಎಂದು ಫೋಟೋ ಸಮೇತ ಬರೆದು ಜಿಲ್ಲಾಧಿಕಾರಿಗೆ ಕೊಡಿ. ಪ್ರತಿ ಜಿಲ್ಲೆಯಲ್ಲೂ ರಸ್ತೆ ಸುರಕ್ಷತಾ ಸಮಿತಿ ಇರುತ್ತದೆ. ಒಂದು ಪ್ರತಿ ನಮಗೂ ಕಳಿಸಿ, ಇಲ್ಲೇ ಪ್ರಕಟಿಸುತ್ತೇನೆ.

ಪ್ರಶ್ನೆ: ಜರ್ಮನಿಯಲ್ಲಿ ಏಳು ವರ್ಷದಿಂದ ಇದ್ದೇನೆ. ಇಲ್ಲಿನ ಹೆದ್ದಾರಿ ಆಟೋಬಾನ್‌ನಲ್ಲಿ ಬಹಳಷ್ಟು ಕಡೆ ಮಿತಿಯೇ ಇಲ್ಲ, ಆದರೂ ಸಾವು ಕಡಿಮೆ. ಹಾಗಾದರೆ ವೇಗದ ಮೇಲೆ ತಪ್ಪು ಹೊರಿಸುವುದು ಸರಿಯಾ? (ಸ್ಟುಟ್‌ಗಾರ್ಟ್‌ನಲ್ಲಿರುವ ಕನ್ನಡಿಗರು)

ಉತ್ತರ: ಅಲ್ಲಿ ಮಿತಿ ಇಲ್ಲದ ಕಡೆಯೂ 130 ಎಂಬ ಸಲಹೆಯ ವೇಗ 1978ರಿಂದ ಇದೆ, ಅದನ್ನು ಮೀರಿ ಅಪಘಾತವಾದರೆ ನಷ್ಟದಲ್ಲಿ ನಿಮ್ಮ ಪಾಲೂ ಸೇರಬಹುದು ಎಂಬುದು ನಿಮಗೆ ಗೊತ್ತೇ ಇರುತ್ತದೆ. ಆದರೆ ನಾನು ನಿಮ್ಮನ್ನು ಕೇಳುವುದು ಬೇರೆ. ನೀವು ಅಲ್ಲಿ ಲೈಸೆನ್ಸ್ ತೆಗೆದುಕೊಳ್ಳಲು ಎಷ್ಟು ತಿಂಗಳು, ಎಷ್ಟು ಯೂರೋ ಹಿಡಿಯಿತು? 60 ಕಿ.ಮೀ. ವೇಗ ಮುಟ್ಟಲಾಗದ ವಾಹನವನ್ನು ಆಟೋಬಾನ್‌ಗೆ ಬಿಡುತ್ತಾರಾ? ಓವರ್‌ಟೇಕ್ ಲೇನ್ ಇರುವುದು ಎಡಕ್ಕೆ, ಬಲದಿಂದ ನುಗ್ಗಿದರೆ ದಂಡ. ಟ್ರಾಫಿಕ್ ನಿಂತ ಕೂಡಲೇ ಯಾರೂ ಹೇಳದೆ ಕಾರುಗಳು ಎರಡು ಬದಿಗೆ ಸರಿದು ನಡುವೆ ಆಂಬುಲೆನ್ಸ್‌ಗೆ ದಾರಿ ಬಿಡುತ್ತವೆ. ಪೆಟ್ರೋಲ್ ಖಾಲಿಯಾಗಿ ನಿಂತರೂ ದಂಡ ಬೀಳಬಹುದು, ನೋಡಿಕೊಂಡು ಹೊರಡುವುದು ನಿಮ್ಮ ಜವಾಬ್ದಾರಿ ಎಂದು.

ಇಷ್ಟೆಲ್ಲ ಇದ್ದೂ ಅಲ್ಲಿ ವರ್ಷಕ್ಕೆ 2,800ರ ಆಸುಪಾಸು ಜನ ರಸ್ತೆಯಲ್ಲಿ ಸಾಯುತ್ತಾರೆ, ಆಟೋಬಾನ್‌ಗೆ ಮಿತಿ ಹಾಕಿ ಎಂದು ಅಲ್ಲಿನವರೇ ವರ್ಷಗಳಿಂದ ವಾದ ಮಾಡುತ್ತಿದ್ದಾರೆ. ನೀವು ಹೇಳುವ ಸುರಕ್ಷತೆ ದಿನದಿನದ ನಡವಳಿಕೆಯಿಂದ ಬಂದದ್ದು. ಅದನ್ನು ಬಿಟ್ಟು ವೇಗವನ್ನು ಮಾತ್ರ ಇಲ್ಲಿಗೆ ತರಲು ಆಗುವುದಿಲ್ಲ. ಮಿತಿ ಏರಿಸಿದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ಇದೆ. 1987ರಲ್ಲಿ ಅಲ್ಲಿನ ಊರಾಚೆಯ ಅಂತರರಾಜ್ಯ ಹೆದ್ದಾರಿಗಳಲ್ಲಿ ಮಿತಿಯನ್ನು 88 ಕಿ.ಮೀ.ನಿಂದ 104ಕ್ಕೆ ಏರಿಸಲು ಬಿಟ್ಟರು, ಏರಿಸಿದ ಕಡೆ ಸಾವು ಹೆಚ್ಚಾಯಿತು. ಸರಾಸರಿ ವೇಗ ನೂರಕ್ಕೆ ಒಂದು ಹೆಚ್ಚಾದರೆ ಸಾವಿನ ಅಪಘಾತಗಳ ಅಪಾಯ ನೂರಕ್ಕೆ ನಾಲ್ಕು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಪ್ರಶ್ನೆ: ಹೆದ್ದಾರಿಯಲ್ಲಿ 100ರ ಬೋರ್ಡ್ ಆದ ಸ್ವಲ್ಪ ದೂರಕ್ಕೇ 40ರ ಬೋರ್ಡ್ ಬರುತ್ತದೆ. ಯಾರೂ ಇಳಿಸುವುದಿಲ್ಲ. ಇಂಥ ಬೋರ್ಡ್ ಯಾಕೆ ಬೇಕು? (ಹುಬ್ಬಳ್ಳಿಯ ಓದುಗರು)

ಉತ್ತರ: ಇದು ನ್ಯಾಯವಾದ ದೂರು. 100ರಿಂದ 80, 60 ಎಂದು ಹಂತಹಂತವಾಗಿ ಇಳಿಸಬೇಕು, ಯಾಕೆ ಇಳಿಸಿದ್ದು ಎಂದೂ ಕಾಣಬೇಕು. ಕಾರಣ ಕಾಣದ ಬೋರ್ಡ್ ಜನರಿಗೆ ಎಲ್ಲ ಬೋರ್ಡ್‌ಗಳನ್ನೂ ಕಡೆಗಣಿಸಲು ಕಲಿಸುತ್ತದೆ.

ಅದರ ಜೊತೆ ನಮ್ಮ ಕಣ್ಣಿನ ಮೋಸವೂ ಇದೆ. ಒಂದು ಗಂಟೆ 100ರಲ್ಲಿ ಹೋದ ಮೇಲೆ 60 ಎಂದರೆ ತೆವಳಿದ ಹಾಗೆ ಅನಿಸುತ್ತದೆ. ನಿಮ್ಮ ಹುಬ್ಬಳ್ಳಿ–ಧಾರವಾಡ ಬೈಪಾಸ್‌ನ ಕತೆ ನಿಮಗೇ ಚೆನ್ನಾಗಿ ಗೊತ್ತು. ಎರಡೂ ಕಡೆಯಿಂದ ಅಗಲವಾದ ಹೆದ್ದಾರಿಯಲ್ಲಿ ಬಂದವರು, ಡಿವೈಡರ್ ಇಲ್ಲದ ಎರಡು ಲೇನಿನ ಬೈಪಾಸ್‌ಗೆ ಅದೇ ವೇಗದಲ್ಲಿ ನುಗ್ಗುತ್ತಿದ್ದರು. 2021ರ ಸಂಕ್ರಾಂತಿಯ ಮರುದಿನ ಇಟ್ಟಿಗಟ್ಟಿ ಬಳಿ ದಾವಣಗೆರೆಯ ಹೆಣ್ಣುಮಕ್ಕಳಿದ್ದ ಟೆಂಪೋಗೂ ಟಿಪ್ಪರ್‌ಗೂ ಡಿಕ್ಕಿಯಾಗಿ ಎಷ್ಟು ಜನ ಹೋದರು. ಬಾಲ್ಯದ ಗೆಳತಿಯರೆಲ್ಲ ಸೇರಿ ಗೋವಾಕ್ಕೆ ಹೊರಟಿದ್ದವರು. ದೊಡ್ಡ ರಸ್ತೆಯಿಂದ ಸಣ್ಣ ರಸ್ತೆಗೆ ಇಳಿದ ಕೂಡಲೇ ಒಂದು ಸಲ ಸ್ಪೀಡೋಮೀಟರ್ ನೋಡಿ. ನಿಮ್ಮ ಅಂದಾಜನ್ನು ನಂಬಬೇಡಿ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಶುಕ್ರವಾರ ರಾತ್ರಿ ಕಾರಿನಲ್ಲಿ ಊರಿಗೆ ಬರುತ್ತಾನೆ. ಎರಡೂವರೆ ಗಂಟೆಯಲ್ಲಿ ಬಂದೆ ಅಂತ ಹೆಮ್ಮೆಯಿಂದ ಹೇಳುತ್ತಾನೆ. ನನಗೆ ಅವನು ಗೇಟು ತೆಗೆಯುವವರೆಗೂ ಜೀವ ಇರುವುದಿಲ್ಲ. ಹೇಗೆ ಹೇಳಲಿ? (ಹಾಸನದ ಓದುಗರು)

ಉತ್ತರ: ಅಮ್ಮಾ, ನೀವು ಬರೆದಿದ್ದನ್ನೇ ಅವನಿಗೆ ಓದಲು ಕೊಡಿ. ಉಪದೇಶ ಬೇಡ. ಎಷ್ಟು ಹೊತ್ತಿಗೆ ಬಂದೆ ಎಂದು ಮನೆಯಲ್ಲಿ ಯಾರೂ ಹೊಗಳಬೇಡಿ. ಅಪ್ಪನೋ ಮಾವನೋ ಅಬ್ಬಾ ಎಂದರೆ ಮುಂದಿನ ವಾರ ಹತ್ತು ನಿಮಿಷ ಕಡಿಮೆ ಮಾಡುವ ಆಸೆ ಹುಟ್ಟುತ್ತದೆ.

ದಿನವಿಡೀ ಕೆಲಸ ಮಾಡಿ ರಾತ್ರಿ ಓಡಿಸುವಾಗ ನಿದ್ದೆ ಬರುತ್ತದೆ. ಆಗುವುದಾದರೆ ಶನಿವಾರ ಬೆಳಗ್ಗೆ ಹೊರಡಲು ಹೇಳಿ. ಶುಕ್ರವಾರವೇ ಬರಬೇಕೆಂದರೆ ಯಡಿಯೂರಿನ ಹತ್ತಿರ ಎಲ್ಲಾದರೂ ನಿಲ್ಲಿಸಿ, ಇಳಿದು, ಕಾಫಿ ಕುಡಿದು, ಕಾಲಾಡಿಸಿ ಬರಲಿ. ಕಣ್ಣು ಎಳೆಯುತ್ತಿದ್ದರೆ ಬೆಳಕಿರುವ ಪೆಟ್ರೋಲ್ ಬಂಕ್‌ನಲ್ಲಿ ಇಪ್ಪತ್ತು ನಿಮಿಷ ಮಲಗಲಿ.

ನಿಮ್ಮಿಂದಲೂ ಒಂದು ಆಗಬೇಕು. ಊಟಕ್ಕೆ ಕಾಯ್ತಾ ಇದ್ದೀವಿ, ಎಲ್ಲಿದ್ದೀಯಾ, ಇನ್ನೆಷ್ಟು ಹೊತ್ತು ಎಂದು ನಡುವೆ ಫೋನ್ ಮಾಡಬೇಡಿ. ಪ್ರೀತಿಯಿಂದಲೇ ಕೇಳುತ್ತೀರಿ, ಆದರೆ ಅವನ ಕಾಲು ಆಕ್ಸಿಲರೇಟರ್ ಮೇಲೆ ಒಂದಿಷ್ಟು ಜಾಸ್ತಿ ಒತ್ತುತ್ತದೆ. ನಾವು ಊಟ ಮಾಡಿ ಮಲಗಿರುತ್ತೇವೆ, ನೀನು ಬಂದಾಗ ಸಾರು ಬಿಸಿ ಮಾಡಿಕೊಡುತ್ತೇನೆ ಎಂದು ಅವನು ಹೊರಡುವ ಮೊದಲೇ ಹೇಳಿಬಿಡಿ. ಚನ್ನರಾಯಪಟ್ಟಣ ದಾಟುವಾಗ ಅವನ ಫೋನ್ ರಿಂಗ್ ಆಗದಿರಲಿ.